ದಾರ ಕಡಿಯುವ ಹಲ್ಲು

ಬಟ್ಟೆ ಹೊಲಿಯುವ ಆ ಅಂಗಡಿಯಲ್ಲಿ ಅತ್ತೆ ಹೇಳಿದ್ದೇ ವೇದವಾಕ್ಯ. ಕತ್ತರಿ ಎತ್ತಿ ಇಡುವಷ್ಟರಲ್ಲಿ ಇನ್ನೊಂದು ಗುಂಡಿ ಕೂರಿಸಬಹುದು, ದಾರವನ್ನು ಹಲ್ಲಲ್ಲೇ ಕಡಿ ಎಂದು ಸೊಸೆಗೆ ಮೊದಲ ದಿನವೇ ಕಲಿಸಿದ್ದಳು. ತಾನು ಆಯಸ್ಸೆಲ್ಲ ಹಾಗೇ ಕಡಿದವಳು, ತನಗೇನೂ ಆಗಿರಲಿಲ್ಲ.

ವರ್ಷ ತುಂಬುವಷ್ಟರಲ್ಲಿ ಸೊಸೆಗೆ ಎರಡೂ ಕಿವಿಗಳ ಮುಂದೆ ನೋವು ಹತ್ತಿತು. ಬಾಯಿ ತೆರೆದರೆ ದವಡೆಯ ಕೀಲು ಕಟಕ್ ಎನ್ನುತ್ತಿತ್ತು, ಆಕಳಿಸಿದರೆ ಕಣ್ಣಲ್ಲಿ ನೀರು. ಇದು ಬುದ್ಧಿಹಲ್ಲಿನ ಕಾಟ, ಕೀಳಿಸಿದರೆ ಸರಿಹೋಗುತ್ತದೆ ಎಂದು ಅತ್ತೆಯೇ ತೀರ್ಪು ಕೊಟ್ಟಳು. ಬಲಗಡೆಯ ಹಲ್ಲು ಹೋಯಿತು. ಕೆನ್ನೆಯ ಊತ ಇಳಿದರೂ ನೋವು ಇದ್ದಲ್ಲೇ ಇತ್ತು. ಈಗ ಎಡಗಡೆಯದನ್ನೂ ತೆಗೆಸಲು ಇಬ್ಬರೂ ಮತ್ತೆ ಬಂದಿದ್ದರು.

ದಂತವೈದ್ಯೆ ಸೊಸೆಯ ಕಿವಿಯ ಮುಂದೆ ಬೆರಳೊತ್ತಿ, ಬಾಯಿ ತೆರೆಸಿ ಮುಚ್ಚಿಸಿ ನೋಡಿದರು. ನೋವು ಕೀಲಿನದಾದರೆ ಹಲ್ಲು ಕಿತ್ತು ಫಲವಿಲ್ಲ ಎಂದರು. ದಿನವೂ ಏನನ್ನಾದರೂ ಕಚ್ಚುವ ಅಭ್ಯಾಸವಿದೆಯೇ ಎಂದು ಕೇಳಿದರು. ಸೊಸೆ ಇಲ್ಲವೆಂದು ತಲೆಯಾಡಿಸಿದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅತ್ತೆಯ ಕೈ ತನ್ನ ತುಟಿಗೆ ಹೋಯಿತು. ಮೊದಲ ಹಲ್ಲು ಕೀಳಿಸುವ ಮುನ್ನ, ಅಂಗಡಿಗೆ ಸುಣ್ಣ ಹೊಡೆಸಿದ ವಾರ ಕೆಲಸ ನಿಂತಿತ್ತು, ಸೊಸೆಯ ನೋವೂ ತಗ್ಗಿತ್ತು. ಅದನ್ನು ಕಂಡೂ ಅತ್ತೆ ಸುಮ್ಮನಿದ್ದಳು. ಹೊಲಿಗೆ ಕಲಿಸುವ ಮೇಷ್ಟ್ರಮ್ಮನೇ ತಪ್ಪು ಕಲಿಸಿದಳಂತೆ ಎಂದು ಅಂಗಡಿಯ ಕೆಲಸದ ಹುಡುಗಿಯರು ತನ್ನನ್ನು ನೋಡಿ ನಗಬಾರದಲ್ಲ! ತನ್ನ ಮಾನ ಉಳಿಯಲೆಂದು ಇನ್ನೊಬ್ಬರ ಮಗಳ ಹಲ್ಲು ಕೀಳಿಸಿದ್ದಳು. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಹಾಗಾದರೆ ಹಲ್ಲಿನದೇ ಇರಬೇಕು ಎಂದು ವೈದ್ಯೆ ಅರಿವಳಿಕೆಯ ಸೂಜಿಗೆ ಕೈಹಾಕಿದರು.

“ತಡೀರಿ ಡಾಕ್ಟ್ರೇ,” ಎಂದಳು ಅತ್ತೆ. “ದಿನವೆಲ್ಲ ದಾರ ಕಡೀತಾಳೆ. ನಾನೇ ಕಲಿಸಿದ್ದು. ಮೊದಲ್ನೇ ಹಲ್ಲು ಕೀಳಿಸೋವಾಗ್ಲೇ ನಂಗೆ ಅನುಮಾನ ಇತ್ತು.”

ವೈದ್ಯೆ ಸೂಜಿ ಪಕ್ಕಕ್ಕಿಟ್ಟರು. ದಾರ ಕಡಿಯುವುದು ನಿಲ್ಲಬೇಕು, ಮೆತ್ತಗಿನದನ್ನೇ ತಿನ್ನಬೇಕು, ಬಿಸಿ ಶಾಖ ಕೊಡಬೇಕು, ಈ ಹಲ್ಲಿನ ತಂಟೆಗೆ ಸದ್ಯ ಹೋಗುವುದು ಬೇಡ ಎಂದರು.

ಹೊರಗೆ ಮೆಟ್ಟಿಲಿಳಿಯುವಾಗ ಅತ್ತೆ, “ತಪ್ಪಾಯ್ತು ಕಣೇ,” ಎಂದಳು.

ಸೊಸೆ ಕೆನ್ನೆ ಹಿಡಿದುಕೊಂಡೇ ನಿಂತಳು. “ದಾರದಿಂದ್ಲೇ ನೋವು ಅಂತ ನಂಗೂ ಗೊತ್ತಿತ್ತು ಅತ್ತೆ. ನೀವಾಗೇ ಹೇಳ್ತೀರಾ ಅಂತ ನೋಡೋಕೇ ಡಾಕ್ಟ್ರಿಗೆ ಇಲ್ಲ ಅಂದೆ. ಹೇಳ್ದೇ ಇದ್ದಿದ್ರೆ ಇದನ್ನೂ ಕೀಳಿಸ್ಕೊಂಡು ಸೀದಾ ನಮ್ಮಮ್ಮನ ಮನೆಗೆ ಹೋಗ್ತಿದ್ದೆ.”

ಅತ್ತೆಗೆ ಅವಳ ಕೈ ಹಿಡಿಯಬೇಕೆನಿಸಿತು, ಧೈರ್ಯ ಬರಲಿಲ್ಲ.