ಮಂಜಿಯ ಸರ್ಟಿಫಿಕೇಟಿಗೆ ಹತ್ತು ರೂಪಾಯಿ

ವೆಂಕಟ್ರಮಣ ಮೊಂಬಾಸದಿಂದ ಬರೆದ ಕಾಗದದಲ್ಲಿ ಎಲ್ಲವೂ ಇತ್ತು. ಹೆಂಡತಿ ಮಂಜಿ ತಗಡಿನ ಟ್ರಂಕನ್ನೇ ತರಬೇಕು, ಹಡಗಿನಲ್ಲಿ ಹೊಟ್ಟೆ ತೊಳಸಿದರೆ ಒಣ ನೆಲ್ಲಿಕಾಯಿ ಬಾಯಿಗೆ ಹಾಕಿಕೊಳ್ಳಬೇಕು, ಮುಂಬಯಿ ಬಂದರಿನಲ್ಲಿ ಯಾರನ್ನು ನಂಬಬೇಕು, ಯಾರನ್ನು ನಂಬಬಾರದು, ಎಲ್ಲ. ಒಳಬರುವ ಪರವಾನಗಿ ಸಿಕ್ಕಿದೆ, ಇನ್ನು ಮೈಯಲ್ಲಿ ರೋಗವಿಲ್ಲ ಎಂದು ಡಾಕ್ಟರರ ಸರ್ಟಿಫಿಕೇಟು ಬೇಕು, ಅದನ್ನು ಕುಮಟೆಯಲ್ಲಿ ಮಾಡಿಸಿ ಎಂದೂ ಇತ್ತು. ಡಾಕ್ಟರರ ಫೀ ಯಾರು ಕೊಡಬೇಕು ಎಂಬುದೊಂದನ್ನು ಪುಣ್ಯಾತ್ಮ ಬರೆದಿರಲಿಲ್ಲ.

ಸ್ವರಾಜ್ಯ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮದುವೆಯಾಗಿ ಮೂರು ತಿಂಗಳಿಗೆ ಆಫ್ರಿಕಾಕ್ಕೆ ಹೋದ ಗಂಡನ ಮುಖವನ್ನು ಮಂಜಿ ನೋಡಿ ಎರಡೂವರೆ ವರ್ಷವಾಗಿತ್ತು. ಈಗೀಗ ಮೀಸೆ ನೆನಪಾಗುತ್ತಿತ್ತು, ಮೂಗು ನೆನಪಾಗುತ್ತಿರಲಿಲ್ಲ. ಮಳೆ ಹಿಡಿದರೆ ಮುಂಬಯಿಗೆ ಹೋಗುವ ಸ್ಟೀಮರು ನಿಲ್ಲುತ್ತದೆ. ಮತ್ತೆ ಅದು ಶುರುವಾಗುವಷ್ಟರಲ್ಲಿ ಪರವಾನಗಿಯ ವಾಯಿದೆಯೇ ಮುಗಿಯುತ್ತದೆ. ಮೇ ತಿಂಗಳ ಕೊನೆಯ ಶನಿವಾರದ ಸ್ಟೀಮರು ತಪ್ಪಿದರೆ ಗಂಡನೂ ತಪ್ಪಿದ ಹಾಗೆಯೇ.

ಅವಳ ಮಾವ ಗಣಪ ನಾಯ್ಕ ಕಾಸರಕೋಡಿನಿಂದ ಹೊನ್ನಾವರಕ್ಕೆ ಹೊಳೆ ದಾಟಿಸುವ ತಾರಿಯ ದೋಣಿಯವನು. ಅಪ್ಪ ಬೀರಪ್ಪ ನಾಯ್ಕ ಭಟ್ಕಳದ ಕಡೆಯ ಎತ್ತಿನ ದಲ್ಲಾಳಿ. ಇಬ್ಬರೂ ಒಳ್ಳೆಯವರೇ. ಒಳ್ಳೆಯವರು ಹಟಕ್ಕೆ ಬಿದ್ದರೆ ಎಷ್ಟು ಕಷ್ಟ ಎಂಬುದು ಆ ಬೇಸಗೆಯಲ್ಲಿ ಮಂಜಿಗೆ ಚೆನ್ನಾಗಿ ತಿಳಿಯಿತು.

"ಮೈ ವಿಷ್ಯ ಎಲ್ಲ ತವರಿಂದು," ಎಂದು ಮಾವ ಜಗಲಿಯಲ್ಲಿ ಕೂತು ತೀರ್ಪು ಕೊಟ್ಟ. "ಬಾಳಂತನದ ಖರ್ಚು ತವರಿಂದು ಅಲ್ವ? ಹಂಗೇ ಇದೂವ."

"ಬಾಳಂತನ ಆಗ್ಬೇಕಾರೆ ಮೊದ್ಲು ಗಂಡನ ಹತ್ರ ಕಳ್ಸಿ ನಾಯ್ಕರೇ," ಎಂದ ಮಗಳನ್ನು ನೋಡಲು ಬಂದಿದ್ದ ಅಪ್ಪ. "ನಾ ಮೂವತ್ತು ವರ್ಷದಿಂದ ಎತ್ತಿನ ಯಾಪಾರ ಮಾಡ್ದವ. ಹಲ್ಲು ನೋಡೂದು ಯಾವಾಗ್ಲೂ ಕೊಳ್ಳುವವ್ರು, ಅದ್ರ ಖರ್ಚೂ ಅವ್ರದ್ದೇ."

ಒಳಗೆ ಅಕ್ಕಿ ಆರಿಸುತ್ತಿದ್ದ ಮಂಜಿಗೆ ಸಿಟ್ಟು ನೆತ್ತಿಗೇರಿತು. "ನಾ ಎಂತ ಎತ್ತಾ ಅಪ್ಪ?" ಎಂದು ಅಲ್ಲಿಂದಲೇ ಕೂಗಿದಳು. ಅಪ್ಪ ಕೇಳಿಸದವನ ಹಾಗೆ ಎಲೆಗೆ ಸುಣ್ಣ ಹಚ್ಚಿದ.

ಹಾಗೆಂದು ಜಿಪುಣತನವೇ ಎಂದರೆ ಅದೂ ಅಲ್ಲ. ಮಾವ ಕೊಟ್ಟರೆ ಸೊಸೆಯ ಆರೋಗ್ಯದ ಮೇಲೆ ಅನುಮಾನಪಟ್ಟಂತಾಗುತ್ತದೆ. ಅಪ್ಪ ಕೊಟ್ಟರೆ ಮಗಳಲ್ಲಿ ಏನೋ ಐಬು ಇದ್ದದ್ದು ಹೌದು ಎಂದು ಒಪ್ಪಿದಂತಾಗುತ್ತದೆ. ಹೀಗೆ ಮಾನದ ಮಾತು ಬಂದು ಕೂತಿತ್ತು. ಶಿವರಾತ್ರಿಗೆ ಮುಂಚೆ ಬಂದ ಕಾಗದ ಮೇ ತಿಂಗಳು ಬಂದರೂ ಮಾಡಿನ ಸಂದಿಯಲ್ಲೇ ಇತ್ತು.

ಕಡೆಗೆ ಸ್ಟೀಮರಿಗೆ ಐದೇ ದಿನ ಉಳಿದ ಸೋಮವಾರ, ಅಪ್ಪ ಮತ್ತೆ ಬಂದು ಕೂತಿದ್ದಾಗ, ಅತ್ತೆ ಹನುಮಕ್ಕ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ಇಬ್ರೂ ನಾಳೆ ಅವಳ ಕರ್ಕಂಡು ಕುಮಟೆಗೆ ಹೋಗಿ. ಅಲ್ಲೇ ಹೊಡದಾಡ್ಕಣಿ. ಸರ್ಟಿಫಿಕೇಟು ಇಲ್ದೆ ಬಂದ್ರೆ ಈ ಮನೆಲಿ ಒಲೆ ಹಚ್ಚೂದಿಲ್ಲ."

ಮರುದಿನದ ಪ್ರಯಾಣವೇ ಒಂದು ತಮಾಷೆ. ಬಸ್ಸಿನಲ್ಲಿ ಮೂವರ ಟಿಕೇಟಿನ ದುಡ್ಡು ನಾನು ಕೊಡುತ್ತೇನೆ, ನಾನು ಕೊಡುತ್ತೇನೆ ಎಂದು ಇಬ್ಬರೂ ಕಂಡಕ್ಟರನ ಕೈ ಹಿಡಿದೆಳೆದರು. ಕುಮಟೆಯಲ್ಲಿ ಇಳಿದು ಚಾ ಕುಡಿದಾಗ ಅಂಗಡಿಯವನ ಮುಂದೆ ಮತ್ತೆ ಅದೇ ಜಗ್ಗಾಟ. ಡಾಕ್ಟರರ ಹೊಸಿಲು ತುಳಿದದ್ದೇ ಇಬ್ಬರ ಕೈಯೂ ಬೆನ್ನ ಹಿಂದೆ ಹೋಯಿತು.

ಡಾಕ್ಟರರು ವಯಸ್ಸಾದವರು, ಸಾವಧಾನಿ. ಕಣ್ಣಿನ ರೆಪ್ಪೆ ಮಗುಚಿದರು, ನಾಲಗೆ ನೋಡಿದರು, ಕೊಳವೆ ಇಟ್ಟು ಎದೆಯನ್ನೂ ಬೆನ್ನನ್ನೂ ಕೇಳಿದರು. "ಕಲ್ಲು ತಿಂದು ಕರಗಿಸುವ ಹುಡುಗಿ," ಎಂದು ನಕ್ಕು ಮೊಹರು ಒತ್ತಿ, ಕಾಗದವನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಅಂಗೈ ಊರಿದರು. "ಹತ್ತು ರೂಪಾಯಿ."

ಅಪ್ಪ ಗೋಡೆಯ ಗಡಿಯಾರ ನೋಡಿದ. ಮಾವ ಕಿಟಕಿಯಾಚೆಯ ಹಲಸಿನ ಮರದಲ್ಲಿ ಕಾಯಿ ಎಷ್ಟಿವೆ ಎಂದು ನೋಡಿದ. ಡಾಕ್ಟರರು ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿ ಕಾದರು. ಮಂಜಿಗೆ ಅಳು ಬಂತು. ಅಳುವುದಕ್ಕೆ ಬಾಯಿ ತೆರೆದವಳಿಗೆ ಬೇರೆಯೇ ಮಾತು ಹೊಳೆಯಿತು.

"ಡಾಕ್ಟ್ರೇ, ರೋಗ ಉಂಟು ಅಂತ ಬರ್ದ್ರೆ ಎಷ್ಟು?"

ಡಾಕ್ಟರರು ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು, ಆಮೇಲೆ ಬೆನ್ನ ಹಿಂದೆ ಕೈಕಟ್ಟಿ ನಿಂತ ಇಬ್ಬರನ್ನು ನೋಡಿದರು. ಮೀಸೆಯಡಿ ಒಂದು ನಗೆ ಬಂದು ಹೋಯಿತು. "ಅದಕ್ಕೆ ದುಡ್ಡಿಲ್ಲ ತಂಗಿ. ಧರ್ಮಕ್ಕೆ ಬರೆದುಕೊಡುತ್ತೇನೆ."

"ಹಂಗಾರೆ ಅದ್ನೇ ಬರೀರಿ. ಹುಟ್ಟಿದ ಮನೆಯಿಂದ ಬಂದದ್ದೋ, ಹೊಕ್ಕ ಮನೆಲಿ ಹತ್ತಿದ್ದೋ, ನಿಮಗೆ ಕಂಡ ಹಾಂಗೆ."

ಡಾಕ್ಟರರು ಹೊಸ ಹಾಳೆ ಎಳೆದುಕೊಂಡು ಪೆನ್ನಿನ ಟೊಪ್ಪಿ ತೆಗೆದದ್ದೇ ತಡ, "ನಿಲ್ಲಿ ಡಾಕ್ಟ್ರೇ!" ಎಂದು ಎರಡು ಗಂಟಲು ಒಟ್ಟಿಗೇ ಹರಿದವು. ಮಾವ ಎಲೆಸಂಚಿಯೊಳಗೆ ಕೈ ತುರುಕಿ, ಅಡಿಕೆ ಹೋಳುಗಳ ಸಮೇತ ಹತ್ತರ ನೋಟನ್ನು ಮೇಜಿಗೆ ಹಾಕಿದ. "ನನ್ನ ಸೊಸೆಗೆ ರೋಗ ಅಂದವ್ರು ಯಾರು?" ಎಂದ.

"ನಿಮ್ದು ತೆಗೀರಿ ನಾಯ್ಕರೇ! ನನ್ನ ಮಗಳು!" ಎಂದು ಅಪ್ಪ ಒದರಿದ. ಅವನ ದುಡ್ಡು ಮಾತ್ರ ಹೊರಗೆ ಬರುತ್ತಿರಲಿಲ್ಲ. ಉಡಿದಾರಕ್ಕೆ ಕಟ್ಟಿದ್ದ ಬಟ್ಟೆಯ ಗಂಟು ಕೈಗೆ ಬಿಚ್ಚಲೊಲ್ಲದು. ಕೊನೆಗೆ ದಾರದಿಂದ ಕಿತ್ತು ಹಲ್ಲಿನಲ್ಲಿ ಕಚ್ಚಿ ಬಿಚ್ಚಿದ. ನೋಟು ಬೆವರಿಗೂ ಸ್ನಾನದ ನೀರಿಗೂ ನೆನೆದು ನೆನೆದು, ಮಡಿಕೆ ಬಿಡಿಸಿದರೆ ಹರಿದೇ ಹೋಗುವ ಹಾಗಿತ್ತು.

"ಇದ್ಯಾವಾಗ ಕಟ್ಟಿದ್ದು ಅಪ್ಪ?" ಎಂದಳು ಮಂಜಿ.

ಬೀರಪ್ಪ ನಾಯ್ಕ ನೋಟನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಮೆಲ್ಲಗೆ ಸವರಿದ. "ಕಾಗದ ಬಂದ ದಿನವೇ," ಎಂದ. "ಕೊಡೂಕೆ ಕೈ ಬರ್ಲಿಲ್ಲ. ನನ್ನ ಕೈಯಾರೆ ಕೊಟ್ಟು ನಿನ್ನ ಅಷ್ಟು ದೂರ ಕಳ್ಸೂದು ಹೆಂಗೆ ಮಗಾ?"

ಎತ್ತು, ಹಲ್ಲು, ಮಾನ ಎಂದು ಮೂರು ತಿಂಗಳು ಕೇಳಿದ್ದೆಲ್ಲ ಬರೀ ಮಾತು ಎಂದು ಅವಳಿಗೆ ಆಗ ತಿಳಿಯಿತು. ಅಪ್ಪನ ಮೇಲೆ ಅಷ್ಟು ದಿನ ಸಿಟ್ಟಾಗಿದ್ದಕ್ಕೆ ನಾಚಿಕೆಯಾಯಿತು. ಗಣಪ ನಾಯ್ಕ ತನ್ನ ನೋಟನ್ನು ಸದ್ದಿಲ್ಲದೆ ಎತ್ತಿ ಸಂಚಿಗೆ ಹಾಕಿಕೊಂಡ. "ಅವ್ರದ್ದೇ ತಕಳಿ ಡಾಕ್ಟ್ರೇ," ಎಂದ. "ಆತು, ಈಗ ಆ ಕಾಗದ ಕೊಡಿ." ಆ ದಿನ ತಿರುಗಿ ಬರುವಾಗ ಬಸ್ಸಿನ ದುಡ್ಡು ಯಾರು ಕೊಟ್ಟರೆಂದು ಯಾರಿಗೂ ನೆನಪಿಲ್ಲ.

ಶನಿವಾರ ಸ್ಟೀಮರು ಹೊಳೆಬಾಯಿಯ ಆಚೆ ನಿಂತಿತ್ತು. ಅಲ್ಲಿಯವರೆಗೆ ಮಾವನೇ ದೋಣಿಯಲ್ಲಿ ಬಿಡುವವನು. ಟ್ರಂಕು ಏರಿತು, ಅತ್ತೆ ಕೊಟ್ಟ ನೆಲ್ಲಿಕಾಯಿ ಗಂಟು ಏರಿತು. ಅಪ್ಪ ಮೊಣಕಾಲಿನ ನೀರಿನಲ್ಲಿ ನಿಂತು ದೋಣಿಯ ಅಂಚು ಹಿಡಿದಿದ್ದ, ಬಿಡುವ ಹಾಗೆ ಕಾಣಲಿಲ್ಲ. ಅವನನ್ನು ನಗಿಸದೆ ಹೋದರೆ ತನಗೇ ಅಳು ತಡೆಯದು ಎಂದು ಮಂಜಿ ಕೇಳಿದಳು:

"ಅಪ್ಪ, ಅಲ್ಲಿ ನಂಗೆ ಜ್ವರ ಬಂದ್ರೆ ಡಾಕ್ಟರಿಗೆ ದುಡ್ಡು ಯಾರು ಕೊಡೂದು? ಹುಟ್ಟಿದ ಮನೆಯವ್ರಾ, ಹೊಕ್ಕ ಮನೆಯವ್ರಾ?"

"ನಾ ಕೊಡ್ತೆ," ಎಂದ ಬೀರಪ್ಪ ನಾಯ್ಕ. ಅವನು ನಗಲಿಲ್ಲ. ಅಂಚು ಬಿಟ್ಟ ಕೈ ಸೀದಾ ಸೊಂಟಕ್ಕೆ ಹೋಯಿತು, ಉಡಿದಾರದಲ್ಲಿ ಗಂಟು ಇರಲಿಲ್ಲ. ಅಷ್ಟರಲ್ಲಿ ದೋಣಿ ಹೊರಟಿತ್ತು.