ಎಂಜಿನ್ ಆರಿಸದ ಮನೆ

ಆ ಶನಿವಾರ ಬೆಳಗ್ಗೆ ಹೊಲದ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಚಳಿಗಾಲವಿಡೀ ಕಲ್ಲಿನಂತಿದ್ದ ನೆಲ ವಾರದ ತುಂತುರು ಮಳೆಗೆ ಕಾಲಡಿ ಮೆತ್ತಗಾಗತೊಡಗಿತ್ತು. ಸೋಮವಾರದಿಂದ ಜೋರು ಮಳೆ ಎಂದು ರೇಡಿಯೊ ಹೇಳಿತ್ತು. ಮಳೆ ಬಿದ್ದರೆ ಟ್ರ್ಯಾಕ್ಟರ್ ಹೊಲದಲ್ಲಿ ಹೂತುಹೋಗುತ್ತದೆ. ಅಷ್ಟರೊಳಗೆ ಮೂರು ಹೊಲಕ್ಕೂ ಗೊಬ್ಬರ ಹರಡಿ ಮುಗಿಸಬೇಕು.

ಆ ಮನೆಯ ಸೊಸೆಗೆ ವಾರವೆಲ್ಲ ಪೇಟೆಯ ಹೊಲಿಗೆ ಅಂಗಡಿಯ ಕೆಲಸ, ಶನಿವಾರ ಭಾನುವಾರ ಮನೆಯ ಹೊಲ. ಮಾವನನ್ನು ಊರವರು ಕರೆಯುತ್ತಿದ್ದುದೇ ಅವಸರದಜ್ಜ ಎಂದು. ಅವರ ಟ್ರ್ಯಾಕ್ಟರಿನ ಬ್ಯಾಟರಿ ಸತ್ತು ಎರಡು ವರ್ಷವಾಗಿತ್ತು. ದಿನಾ ಬೆಳಗ್ಗೆ ಮನೆಮಂದಿಯೆಲ್ಲ ಸೇರಿ ಇಳಿಜಾರಿನಲ್ಲಿ ತಳ್ಳಿ ಚಾಲೂ ಮಾಡಬೇಕು. ಹಾಗಾಗಿ ಆ ಮನೆಯಲ್ಲೊಂದು ಕಟ್ಟಳೆ: ಬೆಳಗ್ಗೆ ಚಾಲೂ ಆದ ಎಂಜಿನ್ ಸಂಜೆಯವರೆಗೆ ಆರಬಾರದು. ಊಟದ ಹೊತ್ತಿನಲ್ಲೂ ಅದು ಬಾಗಿಲೆದುರು ಗುಡುಗುಡು ಎನ್ನುತ್ತ ನಿಂತಿರುತ್ತಿತ್ತು.

ಹತ್ತು ಗಂಟೆಯ ಹೊತ್ತಿಗೆ, ಟ್ರ್ಯಾಕ್ಟರಿಗೆ ಕಟ್ಟಿದ ಗೊಬ್ಬರ ಹರಡುವ ಗಾಡಿಯ ಹಿಂಬದಿಯಲ್ಲಿ ತಿರುಗುವ ಹಲ್ಲುಗಳಿಗೆ ಒಣಹುಲ್ಲು ಸುತ್ತಿಕೊಂಡು ಗೊಬ್ಬರ ಬೀಳುವುದು ನಿಂತಿತು.

"ಕೈ ಹಾಕಿ ಕಿತ್ಬಿಡಮ್ಮ," ಎಂದರು ಮಾವ, ಸೀಟಿನಿಂದಲೇ.

"ಎಂಜಿನ್ ಆರಿಸಿ ಮಾವ, ಕೀಳ್ತೀನಿ."

"ಆರಿಸಿದ್ರೆ ಮತ್ತೆ ತಳ್ಳೋಕೆ ನಿಮ್ಮಪ್ಪ ಬರ್ತಾರಾ? ಹಲ್ಲು ತಿರುಗಿಸೋ ಲಿವರ್ ಬಿಟ್ಟಿದ್ದೀನಿ. ತಿರುಗಲ್ಲ, ಹಾಕು."

ಅವಳು ಎಡಗೈ ಹಾಕಿದಳು. ಸವೆದ ಲಿವರ್ ಎಂಜಿನ್ನಿನ ನಡುಕಕ್ಕೆ ಜಾರಿ ಮತ್ತೆ ಸಿಕ್ಕಿಕೊಂಡಿತು. ಹಲ್ಲುಗಳು ತಿರುಗಿದವು. ಸ್ವೆಟರಿನ ತೋಳು ಸುತ್ತಿಕೊಂಡು ಅವಳನ್ನು ಒಳಕ್ಕೆಳೆಯಿತು. ಆಮೇಲೆ ಪರ್ರನೆ ಹರಿಯಿತು. ಸೊಸೆ ಕೆಸರಿನಲ್ಲಿ ಕುಸಿದು ಕೂತು ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡಳು. ಐದೂ ಇದ್ದವು. ಮೊಣಕೈವರೆಗೆ ಚರ್ಮ ತರಚಿಹೋಗಿತ್ತು.

ಮಾವ ಇಳಿದು ಓಡಿಬಂದರು. ಬಂದವರು ಕೇಳಿದ ಮಾತು ಇದು: "ಗಾಡಿ ಹಲ್ಲು ಮುರೀಲಿಲ್ಲ ತಾನೇ?"

ತರಚಿದ ಕೈಯ ಉರಿ ಒಂದು ಕಡೆ, ಆ ಮಾತಿನ ಉರಿ ಒಂದು ಕಡೆ.

ಮಾವ ಟ್ರ್ಯಾಕ್ಟರನ್ನು ಆರಿಸದೆಯೇ ಅಂಗಳಕ್ಕೆ ತಂದು ನಿಲ್ಲಿಸಿದರು. ಮನೆಯಲ್ಲಿದ್ದ ಅವಳ ಗಂಡ ಓಡಿಹೋಗಿ ಆರೋಗ್ಯ ಕೇಂದ್ರದ ನರ್ಸಕ್ಕನನ್ನು ಕರೆತಂದ. ಅವರು ಅಡುಗೆಮನೆಯಲ್ಲಿ ಕೂತು ಗಾಯ ತೊಳೆದರು.

"ದೇವರು ದೊಡ್ಡವನು, ಕೈ ಉಳೀತು," ಅತ್ತೆ ಕಣ್ಣೊರೆಸಿಕೊಂಡರು.

"ದೊಡ್ಡವನೇ ಅಮ್ಮ," ಎಂದರು ನರ್ಸಕ್ಕ. " ಸ್ವೆಟರ್ ಹಳೇದಾಗಿತ್ತು, ಹರೀತು. ಗಟ್ಟಿ ಬಟ್ಟೆ ಆಗಿದ್ರೆ ಕೈನೇ ಎಳ್ಕೊಂಡು ಹೋಗ್ತಿತ್ತು. ಎರಡು ಕೈ ಕೊಟ್ಟವನು ಎಂಜಿನ್ ಆರಿಸೋ ಬುದ್ಧೀನೂ ಕೊಟ್ಟಿದ್ದಾನಲ್ಲ. ಆ ಕೆಲಸಾನೂ ಅವನೇ ಬಂದು ಮಾಡ್ಬೇಕಾ?"

"ನಲವತ್ತು ವರ್ಷ ಓಡಿಸಿದ್ದೀನಿ, ನಂಗೇನೂ ಆಗಿಲ್ಲ," ಎಂದರು ಬಾಗಿಲಲ್ಲಿ ನಿಂತಿದ್ದ ಮಾವ.

"ನಿಮಗೆ ಹೇಗೆ ಆಗುತ್ತೆ ಅಜ್ಜ? ನೀವು ಕೂತಿರೋದು ಸೀಟಲ್ಲಿ."

ಅಳುವಿನ ನಡುವೆಯೂ ಅತ್ತೆಗೆ ನಗು ಬಂತು. ಸೊಸೆಗೆ ಬರಲಿಲ್ಲ.

"ಆರಿಸಿ ಅಂತ ಬಾಯಿಬಿಟ್ಟು ಕೇಳ್ದೆ ಮಾವ," ಅವಳು ಬಾಗಿಲ ಕಡೆ ತಿರುಗಿದಳು. "ತಳ್ಳೋದು ಕಷ್ಟ ಅಂತ ನೀವು ಆರಿಸ್ಲಿಲ್ಲ. ಕೈ ಹೋಗಿದ್ರೆ ಬಟ್ಟೆ ಹೇಗೆ ಹೊಲೀತಿದ್ದೆ, ಮಗೂನ ಹೇಗೆ ಎತ್ಕೋತಿದ್ದೆ? ನಾನು ಬಿದ್ದಮೇಲೂ ನೀವು ವಿಚಾರಿಸಿದ್ದು ಗಾಡಿ ಹಲ್ಲನ್ನ."

ಆ ಮನೆಯಲ್ಲಿ ಮಾವನಿಗೆ ಯಾರೂ ಹಾಗೆ ಎದುರು ಮಾತಾಡಿದ್ದಿಲ್ಲ. ಹೊರಗೆ ಟ್ರ್ಯಾಕ್ಟರ್ ಗುಡುಗುಡು ಎನ್ನುತ್ತಲೇ ಇತ್ತು.

ನರ್ಸಕ್ಕ ಬ್ಯಾಂಡೇಜಿನ ಗಂಟು ಹಾಕುತ್ತ ಹೇಳಿದರು: "ಲಿವರ್ ನಂಬ್ಬೇಡಿ. ಎಂಜಿನ್ ಆರಿಸಿ, ಕೀ ತೆಗೀರಿ. ಎಲ್ಲ ಪೂರ್ತಿ ನಿಂತಮೇಲೆ ಕೊಕ್ಕೆ ಹಾಕಿ ಹುಲ್ಲು ಕೀಳಿ. ಸಡಿಲ ಬಟ್ಟೆ ಬೇಡ. ಕೀ ಯಾರ ಹತ್ರ ಇರ್ಬೇಕು ಗೊತ್ತಾ? ಯಂತ್ರದ ಹತ್ರ ಯಾರು ಹೋಗ್ತಾರೋ ಅವರ ಹತ್ರ."

"ಕೀ ಯಾವತ್ತೂ ನನ್ನ ಹತ್ರಾನೇ ಇರೋದು," ಎಂದರು ಮಾವ.

"ಹಾಗಾದ್ರೆ ಕೈನೂ ನಿಮ್ದೇ ಹಾಕಿ," ಎಂದಳು ಸೊಸೆ.

ಮಾವ ಸರಕ್ಕನೆ ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಗುಡುಗುಡು ನಿಂತಿತು. ನಡುಹಗಲಲ್ಲಿ ಅಂಗಳ ಹಾಗೆ ಸುಮ್ಮನಾದದ್ದನ್ನು ಆ ಮನೆಯವರು ಎರಡು ವರ್ಷಗಳಿಂದ ಕೇಳಿರಲಿಲ್ಲ. ಅತ್ತೆ ಕಿಟಕಿಯಿಂದ ಇಣುಕಿದರು. ಮುದುಕರು ಹಳೆಯ ಬ್ಯಾಟರಿಯನ್ನು ಕಳಚಿ ಕೈಗಾಡಿಯಲ್ಲಿಟ್ಟು ಪೇಟೆಯತ್ತ ತಳ್ಳಿಕೊಂಡು ಹೊರಟಿದ್ದರು. ಸಂಜೆ ಹೊಸ ಬ್ಯಾಟರಿಯೊಡನೆ ಮೆಕ್ಯಾನಿಕ್‌ನನ್ನೂ ಕರೆತಂದು ಲಿವರ್ ಸರಿ ಮಾಡಿಸಿದರು. ಎರಡು ವರ್ಷ ಆಗದ ಕೆಲಸ ಒಂದು ಮಧ್ಯಾಹ್ನದಲ್ಲಿ ಆಯಿತು. ಅದಕ್ಕೆ ಒಬ್ಬಳ ತೋಳು ಸುಲಿಯಬೇಕಾಯಿತು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಅಂಗಳದಲ್ಲೂ ಇಂಥದೊಂದು ಯಂತ್ರ ನಿಂತಿರಬಹುದು. ಅದರ ಬಳಿ ಬಗ್ಗುವವರು ನಿಮ್ಮ ಸೊಸೆ, ನಿಮ್ಮ ತಮ್ಮ, ನಿಮ್ಮ ಆಳು. ಅವರು ಆರಿಸಿ ಎಂದರೆ ಮರುಮಾತಾಡದೆ ಆರಿಸಿ. ಅವರು ಕೇಳುವವರೆಗೂ ಕಾಯಬೇಡಿ. ಕೀ ತೆಗೆದು ಅವರ ಕೈಗೆ ಕೊಡಿ. ಮಳೆ ಬರಲಿ, ಹೊತ್ತು ಮುಳುಗಲಿ, ಕಳೆದ ಕೈಯನ್ನು ಯಾವ ಹೊಲವೂ ಬೆಳೆದುಕೊಡುವುದಿಲ್ಲ.

ಭಾನುವಾರ ಕೊನೆಯ ಹೊಲದಲ್ಲಿ ಮತ್ತೆ ಹುಲ್ಲು ಸುತ್ತಿಕೊಂಡಿತು. ಸೊಸೆ ಬಲಗೈಯಲ್ಲಿ ಕೊಕ್ಕೆ ಹಿಡಿದು ದೂರದಲ್ಲೇ ನಿಂತಳು. ಮಾವ ಎಂಜಿನ್ ಆರಿಸಿದರು. ಇಳಿದು ಬಂದು, ಅವಳ ಮುಖ ನೋಡದೆ ಕೀ ಚಾಚಿದರು.

"ತಪ್ಪಾಯ್ತಮ್ಮ," ಎಂದರು ಮೆಲ್ಲಗೆ.

ಅವಳು ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹುಲ್ಲು ಕಿತ್ತಳು. ಎಲ್ಲ ಕಿತ್ತಾದ ಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿದು, ಕೀಯನ್ನು ಮಾವನ ಅಂಗೈಗೆ ಮರಳಿಸಿದಳು.