ನೋವು ಸೊನ್ನೆ

ಫ್ಯಾನಿನ ಒಂದು ರೆಕ್ಕೆಯ ಅಂಚಿಗೆ ದೂಳು ಕೂತಿದೆ, ಒರೆಸಬೇಕು, ಏಳಬಾರದು, ಬಗ್ಗಬಾರದು — ಬೆಳಗ್ಗೆ ಬನ್ನಿ, ಸಂಜೆ ಮನೇಲಿರ್ತೀರಿ ಮೇಡಂ, ಹಲ್ಲು ಕೀಳಿಸ್ಕೊಂಡಷ್ಟೇ ಸಲೀಸು ಅಂದಿದ್ದರು ಡಾಕ್ಟರು, ಹಾಗೇ ಆಯಿತು, ಕೊಬ್ಬು ಹೀರಿ ತೆಗೆದರು, ಜೋತ ಚರ್ಮ ಕತ್ತರಿಸಿ ಎಳೆದು ಹೊಲಿದರು, ಸಂಜೆ ಗಂಡ ಕಾರು ತಂದ, ಈಗ ಹೊಕ್ಕುಳಿಂದ ಕೆಳಗೆ ಯಾರದೋ ಹೊಟ್ಟೆ. ಮುಟ್ಟಿದರೆ ಬೆರಳಿಗೆ ಹೊಟ್ಟೆ ಗೊತ್ತಾಗುತ್ತದೆ, ಹೊಟ್ಟೆಗೆ ಬೆರಳು ಗೊತ್ತಾಗುವುದಿಲ್ಲ. ಆದರೂ ಎಷ್ಟು ಚಪ್ಪಟೆ, ಬಟ್ಟೆ ಅಂಗಡಿಯ ಟ್ರಯಲ್ ರೂಮಿನ ಬಾಗಿಲಲ್ಲಿ ಇಷ್ಟು ವರ್ಷ ನಿಂತು, ಬಂದವರಿಗೆಲ್ಲ ತುಂಬಾ ಚೆನ್ನಾಗಿ ಕೂತಿದೆ ಮೇಡಂ ಅಂದವಳಿಗೆ ಒಮ್ಮೆಯಾದರೂ ಯಾರಾದರೂ ಹಾಗನ್ನಲಿ ಎಂಬ ಆಸೆ, ಅದಕ್ಕೆ ಅಕ್ಕ, ಇರಲಾರದೆ ಇರುವೆ ಬಿಟ್ಕೊಂಡ್ರಂತೆ, ಒಂದು ಮಗು ಹೆತ್ತ ಹೊಟ್ಟೆ ಹೊಟ್ಟೆ ಥರ ಇರದೆ ಹಲಗೆ ಥರ ಇರುತ್ತೇನೇ ಎಂದು ಬೈದಳು, ಬೈದು ಮಾರನೆಯ ದಿನವೇ ಚೀಲ ಹಿಡಿದು ಬಂದಿಳಿದಳು. ಅಕ್ಕ ಹಾಗೇ.

ಅಡುಗೆಮನೆಯಲ್ಲಿ ನೀರು ಕುದಿಯುವ ಸದ್ದು. ಹುಡುಗಿಯಾಗಿದ್ದಾಗ ಇವಳು ತಿಂಗಳ ನೋವಿಗೆ ಮುದುಡಿಕೊಂಡು ಮಲಗಿದರೆ ಇದೇ ಅಕ್ಕ ಬಿಸಿನೀರಿನ ಚೀಲ ತಂದು ಹೊಟ್ಟೆಗಿಟ್ಟು ಪಕ್ಕದಲ್ಲಿ ಕೂರುತ್ತಿದ್ದಳು, ಇವತ್ತೂ ತಂದಳು, ಹೊಟ್ಟೆಗೆ ಸುತ್ತಿದ್ದ ಬಿಗಿಪಟ್ಟಿ ಬಿಚ್ಚಿ ಚೀಲ ಇಟ್ಟಳು, ಬಿಸಿ ಜಾಸ್ತಿಯಾಯ್ತಾ ಪುಟ್ಟಿ, ಇಲ್ಲ ಅಕ್ಕ, ಬಿಸೀನೇ ಇಲ್ಲ, ಅಯ್ಯೋ ಆರಿಹೋಯ್ತೇನೋ ಎಂದು ಒಯ್ದು ಕುದಿಯುವುದನ್ನೇ ತುಂಬಿ ತಂದಳು, ಈಗ? ಈಗಲೂ ಇಲ್ಲ ಅಕ್ಕ. ಅವತ್ತು ಮನೆಗೆ ಹೊರಡುವಾಗ ಡಾಕ್ಟರು ಏನೇನೋ ಹೇಳಿದ್ದರು, ಇವಳಿಗೆ ಮಂಪರು, ಗಂಡ ಫೋನು ಕಿವಿಗಿಟ್ಟುಕೊಂಡೇ ಹೂಂ ಹೂಂ ಅಂದಿದ್ದ, ಎಲ್ಲಾ ಕೇಳಿಸ್ಕೊಂಡಿದೀನಿ ಬಿಡು ಅಂದಿದ್ದ.

ದಿಂಬಿನ ಪಕ್ಕ ಫೋನು ಬಡಿದುಕೊಳ್ಳುತ್ತದೆ, ಕೈ ಎತ್ತಲು ಬೇಸರ, ಸ್ಪೀಕರಿಗೆ ಹಾಕುತ್ತಾಳೆ, ಕ್ಲಿನಿಕ್ಕಿನ ನರ್ಸು — ನೋವು ಹತ್ತರಲ್ಲಿ ಎಷ್ಟು ಮೇಡಂ? ಸೊನ್ನೆ. ಒಳ್ಳೇದಾಯ್ತು, ನಮ್ಮ ಕೆಲಸ ತೃಪ್ತಿಯಾಗಿದ್ಯಾ, ಹತ್ತಕ್ಕೆ ಎಷ್ಟು ಕೊಡ್ತೀರಿ? ಹತ್ತು ಎನ್ನಲು ಹೊರಟವಳು ಒಮ್ಮೆ ನೋಡಿಕೊಂಡೇ ಹೇಳೋಣ ಎಂದು ಚೀಲ ಸರಿಸಿದಳು. ಹೊಲಿಗೆಯ ಮೇಲ್ಗಡೆ ಅಂಗೈಯಗಲ ಕೆಂಪು, ನಡುವೆ ನೀರು ತುಂಬಿದ ಗುಳ್ಳೆ, ಬೆಳಕಿಗೆ ಹೊಳೆಯುತ್ತಿದೆ. ಬೆರಳು ಇಟ್ಟಳು. ಬೆರಳಿಗೆ ಸುಡುತ್ತದೆ, ಹೊಟ್ಟೆಗೆ ಇಲ್ಲ. ಮೇಡಂ, ಕೇಳಿಸ್ತಿದ್ಯಾ, ಅಲ್ಲಿ ಬಿಸಿ ಏನೂ ಇಟ್ಟಿಲ್ಲ ತಾನೇ, ಆ ಜಾಗಕ್ಕೆ ಸ್ಪರ್ಶ ಇರಲ್ಲ, ಬೆಂದರೂ ಗೊತ್ತಾಗಲ್ಲ, ಅವತ್ತೇ ಹೇಳಿದ್ವಿ. ಬಾಗಿಲಲ್ಲಿ ಅಕ್ಕ, ಕೈಯಲ್ಲಿ ಟವೆಲು, ಕೇಳಿಸಿಕೊಂಡಳು, ಮುಖದ ಬಣ್ಣ ಇಳಿಯಿತು, ಅಯ್ಯೋ ಪಾಪ ಅಕ್ಕ, ಹೆತ್ತವಳಿಗಿಂತ ಹೆಚ್ಚು ನೋಡಿಕೊಂಡವಳು — ಇಟ್ಟಿದ್ದೆ, ಸುಟ್ಟಿದೆ, ನಾನೇ ಇಟ್ಕೊಂಡೆ ಅನ್ನುತ್ತದೆ ಇವಳ ಬಾಯಿ, ಯಾರದೋ ಸುದ್ದಿ ಹೇಳಿದ ಹಾಗೆ. ಗುಳ್ಳೆ ಒಡೀಬೇಡಿ, ಏನೂ ಹಚ್ಚಬೇಡಿ, ಈಗಲೇ ಬನ್ನಿ, ಚರ್ಮ ಉಳಿಯುತ್ತೋ ಇಲ್ವೋ ಡಾಕ್ಟರೇ ನೋಡ್ಬೇಕು. ಫೋನು ನಿಂತಿತು. ಅಳು ಬರಬೇಕಿತ್ತು, ಬರಲಿಲ್ಲ.

ನಾನೇ ಅಂತ ಯಾಕಂದೆ, ಇಟ್ಟೋಳು ನಾನಲ್ವೇನೇ ಎಂದು ಅಕ್ಕ ಕುಸಿದು ಕೂತಿದ್ದಾಳೆ, ಗುಳ್ಳೆಯ ಪಕ್ಕ ಅಂಗೈ ಇಟ್ಟಿದ್ದಾಳೆ, ಹಣೆಗೆ ಇಟ್ಟರೆ ಜ್ವರ ಬಿಡುತ್ತಿದ್ದ ಅಂಗೈ, ಉರೀತಿದ್ಯಾ ಪುಟ್ಟಿ, ಇಲ್ಲ ಅಕ್ಕ, ನಿಜ ಹೇಳು, ಇಲ್ಲ ಅಕ್ಕ — ಕೈ ನಡುಗುತ್ತಿದೆ, ಕಾಣುತ್ತಿದೆ, ಅಕ್ಕನ ಕೈ, ಹೊಟ್ಟೆಯ ಮೇಲೆ, ನಡುಗುತ್ತಿದೆ, ಕಾಣುತ್ತಿದೆ ಅಷ್ಟೇ, ಅಕ್ಕನ ಕೈ